ಹಗ್ಗದ ವಿಮಾನದ ಕಚ್ಚಾ ವಹಿ

ದೇವದುರ್ಗ
9 ಡಿಸೆಂಬರ್ 2024, ಸೋಮವಾರ

ಶೇಷಗಿರಿ ಸರ್ ಅವರಿಗೆ,

ನಮಸ್ಕಾರ. ನಾನು ಕ್ಷೇಮವಾಗಿಲ್ಲ. ನೀವು ಕ್ಷೇಮವಾಗಿದ್ದರೆ ಅದೂ ನನಗೆ ಅಷ್ಟು ಸರಿ ಕಾಣುವುದಿಲ್ಲ.

ಫೋನಿನಲ್ಲಿ ನೀವು ನನ್ನ ನಂಬರನ್ನು ತಡೆದು ಹದಿನೈದು ದಿನವಾಯಿತು. ಅಂಚೆಯವನನ್ನು ತಡೆಯುವ ಗುಂಡಿ ಇನ್ನೂ ಬಂದಿಲ್ಲ, ಆದ್ದರಿಂದ ಈ ರಿಜಿಸ್ಟರ್ಡ್ ಪತ್ರ. ಸಹಿ ಹಾಕಿ ತೆಗೆದುಕೊಂಡಿರುತ್ತೀರಿ. ಸಹಿ ಹಾಕುವುದರಲ್ಲಿ ನೀವು ಯಾವತ್ತೂ ಹಿಂದೆ ಬಿದ್ದವರಲ್ಲ.

ನಿನ್ನೆ ಪಕ್ಕದ ಗ್ಯಾರೇಜಿನ ಅಮೀರ್ ಸಾಬರ ಮಗ ಸೊಹೇಲ್ ಸಿಹಿ ತಂದುಕೊಟ್ಟ. ಫೋನ್ ತೆರೆದು ದೆಹಲಿಯ ವಿಮಾನ ನೋಂದಣಿ ಪಟ್ಟಿ ತೋರಿಸಿದ. ಯಾರು ಬೇಕಾದರೂ ನೋಡಬಹುದಾದ ಪಟ್ಟಿ. ವಿ.ಟಿ. ಎಂದು ಶುರುವಾಗುವ ನಮ್ಮದೇ ನಂಬರು, ಎರಡು ಸೀಟಿನ ಕಟ್ಟಿಗೆಯ ಗ್ಲೈಡರ್. ಇಪ್ಪತ್ತೆರಡು ವರ್ಷ ನಿಮ್ಮ ಹೆಸರಿದ್ದ ಮಾಲೀಕರ ಜಾಗದಲ್ಲಿ ಈಗ ಅವನ ಹೆಸರು.

"ದುರುಗೇಶಣ್ಣ, ಹಗ್ಗದ ವಿಮಾನ ಈಗ ನಂದು ನೋಡ್ರಿ! ಸರ್ ಲಾಗ್ ಬುಕ್ಕೂ ಕೊಟ್ಟಾರ. ಒಂದ ಒಂದು ಗೀಟು ಇಲ್ರಿ. ಕನ್ನಡಿ ಇದ್ದಂಗ ಅದ ರಿಕಾರ್ಡು" ಎಂದ.

ಕನ್ನಡಿಯೇ ಹೌದು. ನೋಡಿದವನಿಗೆ ತನ್ನ ಮುಖ ಮಾತ್ರ ಕಾಣುತ್ತದೆ.

2022ರ ಏಪ್ರಿಲ್ 17 ಆ ಪುಸ್ತಕದಲ್ಲಿ ಎಲ್ಲಿದೆ, ಸರ್? ಅಂದು ರವಿವಾರ. ಕುರ್ಡಿಯ ಬಯಲಿನಿಂದ ಹಗ್ಗದಲ್ಲಿ ಎಳೆಸಿಕೊಂಡು ಮೇಲೇರಿದಿರಿ, ಬಿಸಿಗಾಳಿ ಹಿಡಿದು ಅರಕೇರಾದವರೆಗೆ ಹೋದಿರಿ. ಅಲ್ಲಿ ನಮ್ಮ ಗದ್ದೆಪ್ಪ ಮಾವನ ಹೊಲದಲ್ಲಿ ಕರೆಂಟಿನ ತಂತಿಗೆ ಬಡಿಯುವುದು ಕೂದಲೆಳೆಯಲ್ಲಿ ತಪ್ಪಿ, ಎಡ ರೆಕ್ಕೆಯನ್ನು ಬದುವಿಗೆ ಬಡಿಸಿ ಇಳಿದಿರಿ. ಭೀಮವ್ವತ್ತೆ ತಂಬಿಗೆಯಲ್ಲಿ ನೀರು ತಂದು ಕೇಳಿದ್ದು ನೆನಪಿದೆಯೇ? "ಯಪ್ಪಾ, ಎಂಜಿನ್ ಎಲ್ಲಿ ಬಿತ್ರೀ? ಯಾರನ್ನರ ಕಳಿಸಿ ಹುಡುಕಸ್ಲೇನು?" ಇದಕ್ಕೆ ಎಂಜಿನ್ನೇ ಇರುವುದಿಲ್ಲ ಎಂದರೆ ಒಬ್ಬರೂ ನಂಬಲಿಲ್ಲ. ಇಲ್ಲದ ಎಂಜಿನ್ನನ್ನು ಊರೆಲ್ಲ ಎರಡು ದಿನ ಹುಡುಕಿತು. ಇದ್ದ ಬಿರುಕನ್ನು ನೀವು ಪುಸ್ತಕದಲ್ಲಿ ಕಳೆದುಬಿಟ್ಟಿರಿ.

ರೆಕ್ಕೆ ಒಡಲಿಗೆ ಕೂಡುವ ಬುಡದಲ್ಲೇ ಒಳಗಿನ ತೊಲೆ ಬಿರಿದಿತ್ತು. ಅದರ ದುರಸ್ತಿ ಹೇಗಾಯಿತು ಎಂದು ಇಲ್ಲಿ ಬರೆಯುವುದಿಲ್ಲ, ನಿಮಗೆ ಗೊತ್ತು. ಲೈಸೆನ್ಸ್ ಇರುವ ಯಾವ ಎಂಜಿನಿಯರೂ ಅದನ್ನು ನೋಡಲಿಲ್ಲ ಎಂಬುದೂ ಗೊತ್ತು.

ಜನವರಿ 26ಕ್ಕೆ ಸೊಹೇಲ್ ಕುರ್ಡಿಯಿಂದ ಹಾರಿಸುತ್ತಾನೆ. ಹಿಂದಿನ ಸೀಟಿನಲ್ಲಿ ಅವನ ತಾಯಿ ದಾವಲ್ ಬೀ. ಅವರು ಕುರ್ಡಿಯ ಮಗಳು. ತವರಿನ ಮಾಳಿಗೆಯನ್ನು ಮೇಲಿನಿಂದ ನೋಡಬೇಕಂತೆ. ಅಷ್ಟರೊಳಗೆ ನೀವು ಸೊಹೇಲನಿಗೂ ದೆಹಲಿಯ ವಿಮಾನ ಇಲಾಖೆಗೂ ಅರಕೇರಾದ ವಿಷಯವನ್ನು ನಿಮ್ಮ ಕೈಯಾರೆ ಬರೆದು ತಿಳಿಸಬೇಕು.

ಮೇಲೆ ಬಣ್ಣ, ಒಳಗೆ ಹುಣ್ಣು;
ಸಹಿ ಹಾಕುವಾಗ ಎಲ್ಲಿತ್ತು ಕಣ್ಣು?

ನಿಮ್ಮ ಹಳೆಯ ವಿದ್ಯಾರ್ಥಿ,
ದುರುಗೇಶ


ರಾಯಚೂರು
14 ಡಿಸೆಂಬರ್ 2024

ದುರುಗೇಶ,

ಪತ್ರ ಬಂತು. ಭಾಗೀರಥಿ ಓದಿ ಹೇಳಿದಳು. ಎರಡು ಕಡೆ ಒತ್ತಕ್ಷರ ತಪ್ಪಿದೆಯಂತೆ. ಸಿಟ್ಟು ಬಂದಾಗ ನಿನಗೆ ಹತ್ತನೇ ತರಗತಿಯಲ್ಲೂ ಹೀಗೇ ಆಗುತ್ತಿತ್ತು.

ಗ್ಲೈಡರ್ ಹೊಲದಲ್ಲಿ ಇಳಿಯುವುದು ಅಪಘಾತವಲ್ಲ. ಎಂಜಿನ್ ಇಲ್ಲದ್ದು ಗಾಳಿ ಸತ್ತಲ್ಲಿ ಇಳಿಯುತ್ತದೆ. ಅರಕೇರಾದ ನಂತರ ಎರಡು ವಾರ್ಷಿಕ ತಪಾಸಣೆ ಆಗಿವೆ. ಲೈಸೆನ್ಸ್ ಇರುವ ಎಂಜಿನಿಯರ್ ಬಂದು, ಪುಸ್ತಕ ಓದಿ, ರೆಕ್ಕೆ ಅಲುಗಿಸಿ ನೋಡಿ, ಪ್ರಮಾಣಪತ್ರ ಕೊಟ್ಟಿದ್ದಾರೆ. ಅವರಿಗಿಂತ ನೀನು ದೊಡ್ಡವನೋ?

ನಿನ್ನ ಸಿಟ್ಟಿನ ಬೇರು ಎಲ್ಲಿದೆ ಎಂದು ನನಗೆ ಗೊತ್ತು. ಇಪ್ಪತ್ತು ವರ್ಷ ಅದರ ಒಂದೊಂದು ಹಲಗೆಯನ್ನು ಉಜ್ಜಿದವನು ನೀನು, ನಾನು ಕೊಟ್ಟದ್ದು ಸೊಹೇಲನಿಗೆ. ಅವನು ಪುಣೆಯ ಕಡೆ ಹೋಗಿ ಹಾರಿಸಲು ಕಲಿತು ಬಂದಿದ್ದಾನೆ. ನೀನು ಕಲಿಯಲಿಲ್ಲ. ಹೊಟ್ಟೆಕಿಚ್ಚನ್ನು ಧರ್ಮ ಎಂದು ಕರೆಯಬೇಡ.

ಭಾಗೀರಥಿ ಮಾತ್ರ, "ಪಾಪ, ಹುಡುಗ ಹೇಳೂದೂ ಖರೆ ಅದ ಅಲ್ರೀ" ಎನ್ನುತ್ತಾಳೆ. ನಿನಗೆ ನಲವತ್ತೈದು ದಾಟಿದರೂ ಅವಳಿಗೆ ನೀನು ಹುಡುಗನೇ. ನನಗೆ ಅಲ್ಲ.

ಕೊನೆಯ ಪ್ರಾಸ ಅಗ್ಗದ್ದು. ಕಣ್ಣಿನ ಮಾತು ಇನ್ನೊಮ್ಮೆ ಎತ್ತಬೇಡ.

ಶೇಷಗಿರಿ


ದೇವದುರ್ಗ
18 ಡಿಸೆಂಬರ್ 2024

ಸರ್,

ನಿಮ್ಮ ಪತ್ರದ ಸಾಲುಗಳು ಗೆರೆ ಬಿಟ್ಟು ಕೆಳಗೆ ಜಾರಿವೆ. ಕರಿಹಲಗೆಯ ಮೇಲೆ ದಾರ ಹಿಡಿದಂತೆ ಬರೆಯುತ್ತಿದ್ದವರು ನೀವು. ನನ್ನ ಮೇಲಿನ ಸಿಟ್ಟಿಗೆ ಕೈ ನಡುಗಿದ್ದರೆ ನನಗೆ ಸಂತೋಷ. ಇಲ್ಲೂ ಏನೂ ತಣ್ಣಗಿಲ್ಲ.

ಹೊಟ್ಟೆಕಿಚ್ಚು ಎಂದಿರಿ. ಎತ್ತರ ಎಂದರೆ ನನಗೆ ಮಾಳಿಗೆ ಹತ್ತಿದರೂ ತಲೆ ತಿರುಗುತ್ತದೆ. ಗ್ಲೈಡರ್ ಕೊಟ್ಟಿದ್ದರೆ ಅಂಗಳದಲ್ಲಿಟ್ಟು ಹಪ್ಪಳ ಒಣಗಿಸುತ್ತಿದ್ದೆ.

ಎಂಜಿನಿಯರ್ ಪುಸ್ತಕ ಓದಿದರು ಎಂದು ನೀವೇ ಬರೆದಿದ್ದೀರಿ. ಪುಸ್ತಕದಲ್ಲಿ ಗಟ್ಟಿಯಾಗಿ ಇಳಿದದ್ದೇ ಇಲ್ಲ. ಇಲ್ಲದ ಮೇಲೆ ರೆಕ್ಕೆ ಬಿಚ್ಚಿ ಯಾಕೆ ನೋಡುತ್ತಾರೆ? ಹೊರಗಿನಿಂದ ಅಲುಗಿಸಿದರು, ಬಣ್ಣ ಮಿಂಚಿತು, ಹೋದರು.

ಇದು ನಿಮ್ಮ ಹಳೆಯ ಹೈಸ್ಕೂಲ್ ಚಟ. ಆಗಲೂ ಎರಡು ವಹಿ ಇಡುತ್ತಿದ್ದಿರಿ. ದಿನದಿನದ್ದು ಪೆನ್ಸಿಲಿನಲ್ಲಿ ಕಚ್ಚಾ ವಹಿಯಲ್ಲಿ. ತನಿಖೆಗೆ ಸಾಹೇಬರು ಬರುವ ಮುಂಚಿನ ವಾರ, ನೀಲಿ ಶಾಯಿಯಲ್ಲಿ, ಒಂದು ಕಾಟು ಇಲ್ಲದಂತೆ ಪಕ್ಕಾ ವಹಿ. ಸಾಹೇಬರು ಪುಟ ತಿರುವಿ, "ಶಾಲಿ ಅಂದ್ರ ಹಿಂಗಿರ್ಬೇಕು" ಎಂದು ಹೋಗುತ್ತಿದ್ದರು. ಮಳೆಗೆ ಸೋರುವ ಕೋಣೆಯ ವಿಷಯ ಕಚ್ಚಾ ವಹಿಯಲ್ಲೇ ಉಳಿಯುತ್ತಿತ್ತು. ಅದೇ ಪದ್ಧತಿಯನ್ನು ವಿಮಾನಕ್ಕೂ ತಂದಿರಿ. ಹಾರಿದ ದಿನ ಕಚ್ಚಾ, ವರ್ಷದ ಕೊನೆಗೆ ಲಾಗ್ ಬುಕ್ಕಿನಲ್ಲಿ ಪಕ್ಕಾ.

ಕಚ್ಚಾದಲ್ಲಿ ಕಂಡದ್ದು, ಪಕ್ಕಾದಲ್ಲಿ ಉಂಡದ್ದು.

ಸೋರುವ ಕೋಣೆಯಲ್ಲಿ ನಾವು ನೆನೆದೆವು, ಅಷ್ಟೆ. ಇದು ಸೋರುವುದಿಲ್ಲ ಸರ್, ಬೀಳುತ್ತದೆ.

ಈ ತಿಂಗಳ ಕೊನೆಯೊಳಗೆ ನೀವು ಬರೆಯದಿದ್ದರೆ ದೆಹಲಿಗೆ ನಾನೇ ಅರ್ಜಿ ಹಾಕುತ್ತೇನೆ. ಹೆಸರಿಲ್ಲದ ಅರ್ಜಿಯಾದರೂ ಓದುತ್ತಾರೆ ಎಂದು ಕೇಳಿದ್ದೇನೆ.

ದುರುಗೇಶ


ರಾಯಚೂರು
26 ಡಿಸೆಂಬರ್ 2024

ಲೇ ದುರುಗೇಶ,

ಇಂದು ಏಕಾದಶಿ. ಬೆಳಿಗ್ಗೆಯಿಂದ ಬಾಯಿಗೆ ಏನೂ ಹಾಕಿಲ್ಲ, ಆದ್ದರಿಂದ ಬಾಯಿಗೆ ಬಂದದ್ದನ್ನು ಹಾಗೇ ಬರೆಯುತ್ತೇನೆ.

ಹೆಸರಿಲ್ಲದ ಅರ್ಜಿ! ಭೇಷ್. ಆದರೆ ಅರ್ಜಿಯ ಜೊತೆ ಲಾಗ್ ಬುಕ್ಕಿನ ಪ್ರತಿಯನ್ನೂ ಇಡಬೇಕಲ್ಲ. ಆ ಪಕ್ಕಾ ಪ್ರತಿಯ ದುಂಡನೆಯ ಅಕ್ಷರ ಯಾರದು? ಹೈಸ್ಕೂಲಿನ ಪಕ್ಕಾ ವಹಿಗಳನ್ನು ಯಾರ ಕೈಯಲ್ಲಿ ಬರೆಸುತ್ತಿದ್ದೆನೋ, ವಿಮಾನದ್ದನ್ನೂ ಅವನ ಕೈಯಲ್ಲೇ ಬರೆಸಿದೆ. ನಿನ್ನ ಕೈಯಲ್ಲಿ.

ನೀನು ಮರೆತಿದ್ದರೆ ನೆನಪು ಮಾಡುತ್ತೇನೆ. 2022ರ ಡಿಸೆಂಬರ್, ಮೂರು ರವಿವಾರ, ನಮ್ಮ ಪಡಸಾಲೆ. ಭಾಗೀರಥಿ ಹಚ್ಚಿದ ಅವಲಕ್ಕಿ ಕೊಟ್ಟಳು. ನಾನು ಎಲ್ಲವನ್ನೂ ಬರೆ ಎಂದಿದ್ದೆ. ನೀನು ಏಪ್ರಿಲ್ 10 ಬರೆದೆ, ಅದರ ಕೆಳಗೆ ನೇರವಾಗಿ ಮೇ 1ರ ಬಣ್ಣದ ಕೆಲಸ ಬರೆದೆ. ಹದಿನೇಳನೇ ತಾರೀಖು ಎಲ್ಲಿ ಎಂದು ಕೇಳಿದೆ. ನೀನು ಪೆನ್ನಿನ ಮುಚ್ಚಳ ಹಾಕಿ ನನ್ನ ಕಾಲು ಹಿಡಿದೆ. "ಸರ್, ಐಟಿಐನಾಗ ಕಟಿಗಿ ಕೆಲಸ ಕಲಿಸೂ ನೌಕರಿಗೆ ಇಂಟರ್‌ವ್ಯೂ ಅದರಿ. ಲೈಸೆನ್ಸ್ ಇಲ್ದಾಂವ ವಿಮಾನ ರಿಪೇರಿ ಮಾಡ್ಯಾನಂತ ಬರೆದ್ರ ನನ್ ಹೊಟ್ಟಿ ಮ್ಯಾಲೆ ಕಾಲಿಡ್ತಾರ್ರೀ" ಎಂದೆ.

ಬಿರಿದ ತೊಲೆಯನ್ನು ಕೊಯ್ದು ತೆಗೆದವನು ನೀನು. ಹೊಸ ತುಂಡನ್ನು ಓರೆಯಾಗಿ ಕೂಡಿಸಿ ಅಂಟಿಸಿದವನು ನೀನು. ದೇವದುರ್ಗದಲ್ಲಿ, ನಿನ್ನ ಅಂಗಡಿಯಲ್ಲಿ. ಈಗ ನನ್ನ ಕೈಯಾರೆ ಬರೆಯಬೇಕಂತೆ, ನಿನ್ನ ಹೆಸರು ಬಾರದಂತೆ ಬರೆಯಬೇಕಂತೆ.

ನಿನ್ನ ಅಂಗಡಿಗೂ ಅಮೀರ್ ಸಾಬರ ಗ್ಯಾರೇಜಿಗೂ ನಡುವೆ ಒಂದೇ ಗೋಡೆ. ಐವತ್ತು ಕಿಲೋಮೀಟರ್ ಆಚೆ ಇರುವ ನನ್ನ ಬಾಗಿಲು ಯಾಕೆ ಬಡಿಯುತ್ತೀ? ಆ ಗೋಡೆ ಬಡಿ.

ಪ್ರಾಸ ಬಿಡು, ಪ್ರಾಣದ ಮಾತಾಡು.

ಶೇಷಗಿರಿ


ದೇವದುರ್ಗ
30 ಡಿಸೆಂಬರ್ 2024

ಸರ್,

ಅಕ್ಷರ ನನ್ನದು. ಕೆಳಗಿನ ಸಹಿ ಯಾರದು?

ಕೆಲಸ ಮಾಡಿದವನು ನಾನೇ, ಬಿಟ್ಟು ಬರೆದವನೂ ನಾನೇ. ಮೂರು ಬೇಸಿಗೆಯಿಂದ ಆ ಕೀಲು ನನ್ನ ತಲೆಯಲ್ಲಿ ಕೂತಿದೆ. ನಮ್ಮ ಬಿಸಿಲಿಗೆ ಬಾಗಿಲ ಚೌಕಟ್ಟೇ ಬಾಯಿ ಬಿಡುತ್ತದೆ, ಅಂಟು ಎಷ್ಟರದು? ಗ್ಲೈಡರ್ ಹಾರದೆ ಕುರ್ಡಿಯ ಶೆಡ್ಡಿನಲ್ಲಿ ಬಿದ್ದಿತ್ತು, ಹಾಗಾಗಿ ನನ್ನ ಬಾಯಿಯೂ ಬಿದ್ದಿತ್ತು. ಐಟಿಐ ನೌಕರಿ ಇವತ್ತಿಗೂ ವರ್ಷವರ್ಷ ಮುಂದುವರಿಸುವ ಕರಾರಿನದು. ಹೆಸರು ಬಂತೆಂದರೆ ಹೋಯಿತು. ಬರೆದೆನಲ್ಲ, ಸಾಕೇ?

ಈಗ ನನ್ನ ಪ್ರಶ್ನೆ. ನಮ್ಮಪ್ಪ ಕುರಿ ಹಿಂಡಿನ ಜೊತೆ ಕೃಷ್ಣೆಯ ಆಚೆ ಹೋಗುವಾಗ ನನ್ನನ್ನೂ ಕರೆದೊಯ್ಯುತ್ತಿದ್ದ. ಹತ್ತನೇ ತರಗತಿಯಲ್ಲಿ ನಾಲ್ಕು ದಿನದ ಹಾಜರಿಗಾಗಿ ಅವನು ರುಮಾಲು ತೆಗೆದು ನಿಮ್ಮ ಮುಂದೆ ನಿಂತ. ನೀವು ಕೊಡಲಿಲ್ಲ. "ಇಲ್ಲದವನನ್ನು ಇದ್ದಾನೆ ಎಂದು ನನ್ನ ವಹಿ ಬರೆಯುವುದಿಲ್ಲ" ಎಂದಿರಿ. ಅಂಥವರು ನಾನು ಕಾಲು ಹಿಡಿದ ಅರ್ಧ ನಿಮಿಷಕ್ಕೆ ಕರಗಿದಿರಿ. ಯಾಕೆ? ಇದ್ದ ಬಿರುಕನ್ನು ಇಲ್ಲ ಎಂದು ಬರೆಯಲು ನಿಮಗೆ ಯಾಕೆ ಅಷ್ಟು ಅವಸರವಿತ್ತು?

ಗದ್ದೆಪ್ಪ ಮಾವ ಇಂದಿಗೂ ಹೇಳುತ್ತಾನೆ: "ಆ ತಂತಿ ಹಾಡಹಗಲಾಗ ಕುರುಡಗ ಸೈತ ಕಾಣ್ತಿತ್ತು. ನಿಮ್ ಸರ್‌ಗ ಹ್ಯಾಂಗ ಕಾಣ್ಲಿಲ್ಲೋ?" ನಾನು ನಿಮ್ಮನ್ನು ಬಿಟ್ಟುಕೊಡದೆ, ಬಿಸಿಲು ಕಣ್ಣಿಗೆ ಹೊಡೆದಿತ್ತು ಎಂದು ಸುಳ್ಳು ಹೇಳುತ್ತ ಬಂದಿದ್ದೇನೆ. ಸೂರ್ಯ ನಿಮ್ಮ ಬೆನ್ನಿಗಿದ್ದ.

ದುರುಗೇಶ


ದೇವದುರ್ಗ
8 ಜನವರಿ 2025

ಸರ್,

ಒಂಬತ್ತು ದಿನವಾದರೂ ಉತ್ತರವಿಲ್ಲ. ಬರೆಯಲು ಏನೂ ಇಲ್ಲವೋ, ಬರೆದರೆ ಸಹಿ ಹಾಕಬೇಕಾಗುತ್ತದೆ ಎಂಬ ಭಯವೋ?

ಮೂರು ದಿನದ ಹಿಂದೆ ದಾವಲ್ ಬೀ ಅಂಗಡಿಗೆ ಬಂದಿದ್ದರು. ಒಳಗೆ ಬರುತ್ತಲೇ ಸೀರೆಯ ನೆರಿಗೆ ಸ್ವಲ್ಪ ಎತ್ತಿ ಮೊಣಕಾಲು ತೋರಿಸಿದರು.

"ದುರುಗೇಶಾ, ಆ ವಿಮಾನದ ಹೊಟ್ಟಿ ಇಲ್ಲೀ ಮಟ ಬರ್ತದಪ್ಪಾ. ಹತ್ತಾಕ ನಂಗೊಂದು ಮೆಟ್ಟಲ ಮಾಡಿಕೊಡು. ಗಟ್ಟಿ ಮಾಡು ಮತ್ತ. ನನ್ ತೂಕ ನೋಡೀಯಲ್ಲ!"

"ಚಾಚಿ, ಅಂಜಿಕಿ ಆಗೂದಿಲ್ಲೇನ್ರೀ?" ಎಂದೆ.

"ಯಾಕ ಅಂಜಲಿ? ಮಗ ಮುಂದ ಕುಂತಿರ್ತಾನ. ಕಟಿಗಿ ಕೆಲಸೆಲ್ಲಾ ನಿಂದ ಅಂತ ಹೇಳ್ಯಾನ. ನೀ ಮಾಡಿದ ನಮ್ಮನಿ ಕಪಾಟಿಗೆ ಹದಿನೆಂಟು ವರ್ಷಾತು, ಒಂದು ಬಾಗ್ಲ ಸೈತ ಕಿರ್ ಅಂದಿಲ್ಲ."

ಮೆಟ್ಟಿಲು ಮಾಡಿಕೊಟ್ಟೆ, ಸರ್. ಸಾಗವಾನಿ. ನಾಲ್ಕು ಕಾಲು, ನಡುವೆ ಅಡ್ಡಪಟ್ಟಿ, ಒಂದು ಮೊಳೆ ಇಲ್ಲದೆ ಬರೀ ಕೀಲು. ಮೇಲೆ ಕೋಣ ನಿಂತರೂ ಅಲುಗುವುದಿಲ್ಲ. ಒಯ್ಯುವಾಗ ಅವರು ನನ್ನ ತಲೆಯ ಮೇಲೆ ಕೈಯಿಟ್ಟು, "ಅಲ್ಲಾ ನಿನ್ ಕೈ ಚಲೋ ಇಡ್ಲಿ" ಎಂದರು. ಅದೇ ಹೊತ್ತು, ಅದೇ ಅಂಗಡಿ. ಹೇಳಬೇಕಾದ್ದು ನಾಲ್ಕು ಮಾತು. ನಾನು ಹೇಳಲಿಲ್ಲ.

ಮೆಟ್ಟಿಲು ಗಟ್ಟಿ, ಗಂಟಲು ಕಟ್ಟಿ.

ನೋಡಿ, ಇಂಥ ಹೊತ್ತಿನಲ್ಲೂ ಪ್ರಾಸ ಬಂತು. ನನಗೆ ನನ್ನ ಮೇಲೇ ಹೇಸಿಕೆ. ನಿಮ್ಮ ಮೇಲಿನ ಸಿಟ್ಟು ಅದಕ್ಕಿಂತ ಒಂದು ತೂಕ ಜಾಸ್ತಿಯೇ ಇದೆ, ನಿಶ್ಚಿಂತೆಯಿಂದಿರಿ.

ಹದಿನೆಂಟು ದಿನ ಉಳಿದಿವೆ.

ದುರುಗೇಶ


ರಾಯಚೂರು
13 ಜನವರಿ 2025

ದುರುಗೇಶ,

ಆ ದಿನ ಯಾಕೆ ಅಷ್ಟು ಬೇಗ ಒಪ್ಪಿದಿರಿ ಎಂದು ಕೇಳಿದ್ದೀ. ಉತ್ತರ ಬರೆಯಲು ಎರಡು ವಾರ ಬೇಕಾಯಿತು.

2021ರ ಡಿಸೆಂಬರಿನಲ್ಲಿ ಡಾಕ್ಟರು ನನ್ನ ಎಡಗಣ್ಣಿನ ನರ ಒಣಗುತ್ತಿದೆ ಎಂದರು. ಬದಿಯ ನೋಟ ಹೋಗಿತ್ತು. ಇನ್ನು ಹಾರಿಸಬೇಡಿ ಎಂದರು. ನಾನು ಆ ಚೀಟಿಯನ್ನು ಮಡಚಿ ಪಂಚಾಂಗದೊಳಗೆ ಇಟ್ಟೆ. ನಾಲ್ಕು ತಿಂಗಳ ನಂತರ ಅರಕೇರಾ. ಗದ್ದೆಪ್ಪನಿಗೆ ಹೇಳು: ಕುರುಡನಿಗೂ ಕಾಣುವ ತಂತಿ ಅರೆಗುರುಡನಿಗೆ ಕಾಣಲಿಲ್ಲ.

ಅರಕೇರಾವನ್ನು ಪುಸ್ತಕದಲ್ಲಿ ಬರೆದರೆ ಯಾಕೆ ಹಾಗಾಯಿತು ಎಂದು ಕೇಳುತ್ತಾರೆ, ಕೇಳಿದರೆ ಕಣ್ಣು ಪರೀಕ್ಷಿಸುತ್ತಾರೆ. ನೀನು ಕಾಲು ಹಿಡಿಯುವ ಮೊದಲೇ ನಾನು ಆ ದಿನವನ್ನು ಬಿಡುವ ದಾರಿ ಹುಡುಕುತ್ತಿದ್ದೆ. ನೀನು ಬಂದು ಬಿದ್ದೆ. ನನಗೆ ಬೇಕಾದ ಸುಳ್ಳನ್ನು ನಿನ್ನ ಮೇಲೆ ದಯೆ ತೋರಿದಂತೆ ಮಾಡಿ ಬರೆಸಿಕೊಂಡೆ. ಎರಡು ವರ್ಷ ಉಪಕಾರ ಮಾಡಿದವನ ಮುಖ ಹೊತ್ತು ತಿರುಗಿದೆ. ನೀನೂ ಪ್ರತಿ ದೀಪಾವಳಿಗೆ ಬಂದು ನಮಸ್ಕಾರ ಮಾಡಿ ಹೋದೆ.

ಈಗ ಬಲಗಣ್ಣೂ ಮಂಜಾಗಿದೆ. ಸಾಲು ಜಾರಿದ್ದು ಸಿಟ್ಟಿಗಲ್ಲ. ಫೋನಿನಲ್ಲಿ ನಿನ್ನನ್ನು ತಡೆದದ್ದೂ ಬೇಕೆಂದಲ್ಲ. ಯಾವುದೋ ಗುಂಡಿ ಒತ್ತಿಹೋಗಿದೆ, ಯಾವುದೆಂದು ಕಾಣಲಿಲ್ಲ. ಇದು ಡಾಕ್ಟರಿಗೆ ಗೊತ್ತು, ಭಾಗೀರಥಿಗೆ ಗೊತ್ತು, ಈಗ ನಿನಗೆ.

ಜೊತೆಯ ಪಾರ್ಸೆಲ್ಲಿನಲ್ಲಿ ಕಚ್ಚಾ ವಹಿ ಇದೆ. ಸೊಹೇಲನಿಗೆ ಇದನ್ನು ಕೊಟ್ಟಿರಲಿಲ್ಲ. ಏಪ್ರಿಲ್ 17ರ ಪುಟ ಹರಿಯಲು ಮೂರು ಸಲ ಕೈಹಾಕಿದ್ದೆ, ಅಂಚು ಸುಕ್ಕಾಗಿದೆ. ಹರಿದಿಲ್ಲ. ಗೋಡೆಯಾಚೆ ಒಯ್ಯಿ. ಇಪ್ಪತ್ತರೊಳಗೆ ಒಯ್ಯದಿದ್ದರೆ ನಾನೇ ಬಸ್ ಹತ್ತಿ ಬರುತ್ತೇನೆ, ಬೋರ್ಡು ಓದಲು ಭಾಗೀರಥಿಯನ್ನು ಕರೆದುಕೊಂಡು.

ಇದೆಲ್ಲ ಬರೆದೆನೆಂದು ನಿನ್ನ ಮೇಲಿನ ಸಿಟ್ಟು ಇಳಿಯಿತು ಎಂದು ತಿಳಿಯಬೇಡ. ಆಕೆಗೆ ಮೆಟ್ಟಿಲು ಮಾಡಿಕೊಟ್ಟೆಯಲ್ಲೋ! ಬಾಯಲ್ಲಿ ನಾಲಿಗೆ ಇತ್ತೋ, ಹಲಗೆ ಇತ್ತೋ?

ಶೇಷಗಿರಿ


ದೇವದುರ್ಗ
17 ಜನವರಿ 2025

ಸರ್,

ಒಯ್ದೆ. ನಿನ್ನೆ ಸಂಜೆ.

ಅಮೀರ್ ಸಾಬ್ ಲಾರಿಯ ಕೆಳಗೆ ಮಲಗಿದ್ದರು. ಸೊಹೇಲ್ ಹಗ್ಗ ಎಳೆಯುವ ಯಂತ್ರಕ್ಕೆ ಗ್ರೀಸು ತುಂಬುತ್ತಿದ್ದ. ಕಚ್ಚಾ ವಹಿಯ ಆ ಪುಟ ತೆರೆದು ಅವನ ಮುಂದಿಟ್ಟೆ. ಯಾರು ದುರಸ್ತಿ ಮಾಡಿದ್ದು, ಯಾರು ಬಿಟ್ಟು ಬರೆದದ್ದು, ಎಲ್ಲಾ ಹೇಳಿದೆ. ಅವನು ಓದಿದ. ಮತ್ತೊಮ್ಮೆ ಓದಿದ. ಕೈಯ ಗ್ರೀಸು ಪುಟಕ್ಕೆ ಹತ್ತಿತು.

"ಅಣ್ಣಾ ಅಂತ ಕರೀತಿದ್ನಲ್ರೀ ನಿಮ್ನ" ಎಂದ. "ಹಿಂದಿನ ಸೀಟಿಗೆ ನಮ್ಮಮ್ಮಿ ಕುಂದ್ರತಾಳಂತ ಗೊತ್ತಿತ್ತು ನಿಮ್ಗ. ನಾ ಕೊಟ್ಟ ಸಿಹಿ ತಿಂದ್ರಿ. ಮೆಟ್ಟಲ ಮಾಡಿಕೊಟ್ರಿ. ಮೆಟ್ಟಲ! ಒಂದು ಮಾತು ಹೇಳಾಕ ನಲವತ್ತು ದಿನ ಬೇಕಾತೇನ್ರೀ?"

ಅಮೀರ್ ಸಾಬ್ ಲಾರಿಯ ಕೆಳಗಿನಿಂದ ಹೊರಗೆ ಬಂದು ನಟ್ಟು ತಿರುಗಿಸುವ ಪಾನೆಯನ್ನು ನೆಲದ ಮೇಲೆ ಮೆಲ್ಲಗೆ ಇಟ್ಟರು. "ಬ್ರೇಕ್ ಇಲ್ಲಂತ ಗೊತ್ತಿದ್ದೂ ಹೇಳ್ದ ಗಾಡಿ ಕೊಡಾಂವಗ ನಮ್ಮ ಗ್ಯಾರೇಜಿನಾಗ ಒಂದು ಹೆಸರದ, ದುರುಗೇಶ. ನಿನ್ ಮುಂದ ಅದನ್ನ ಅನ್ನಾಕ ನಂಗ ಮನಸಿಲ್ಲ. ಹೋಗು." ನಾನು ಬಂದೆ.

ಇಂದು ಬೆಳಿಗ್ಗೆ ಬಾಗಿಲು ತೆಗೆದರೆ ಮೆಟ್ಟಿಲು ನನ್ನ ಹೊಸ್ತಿಲ ಮುಂದೆ ಬೋರಲು ಬಿದ್ದಿತ್ತು.

ಇಲಾಖೆಗೆ ನನ್ನ ಹೆಸರು, ವಿಳಾಸ, ನೌಕರಿ ಎಲ್ಲಾ ಬರೆದು ಅರ್ಜಿ ಕಳಿಸಿದ್ದೇನೆ. ನಿಮ್ಮ ಕಣ್ಣಿನ ಮಾತು ಅದರಲ್ಲಿ ಇಲ್ಲ. ಅದು ನನ್ನದಲ್ಲ. ಐಟಿಐ ಪ್ರಿನ್ಸಿಪಾಲರಿಗೂ ನಾನೇ ಹೇಳಿದೆ. ವಿಚಾರಣೆ ಮುಗಿಯುವವರೆಗೆ ಬರಬೇಡ ಎಂದಿದ್ದಾರೆ.

ನಿಮ್ಮನ್ನು ಬೈಯಬೇಕೆಂದು ಪೆನ್ನು ಹಿಡಿದಿದ್ದೆ. ಬೈಗುಳ ಮುಗಿದಿವೆ, ಸಿಟ್ಟು ಮುಗಿದಿಲ್ಲ. ಅದನ್ನು ಎಲ್ಲಿ ಇಡಬೇಕೋ ತಿಳಿಯುತ್ತಿಲ್ಲ.

ದುರುಗೇಶ


ದೇವದುರ್ಗ
28 ಜನವರಿ 2025

ಸರ್,

ರೆಕ್ಕೆ ಬಿಚ್ಚಿದರು.

ಹೈದರಾಬಾದಿನಿಂದ ಲೈಸೆನ್ಸ್ ಇರುವ ಎಂಜಿನಿಯರನ್ನು ಸೊಹೇಲ್ ಕರೆಸಿದ. 24ಕ್ಕೆ ಕುರ್ಡಿಯ ಶೆಡ್ಡಿನಲ್ಲಿ ಮೇಲಿನ ಹೊದಿಕೆ ಕೊಯ್ದು ತೆಗೆದರು. ದುರಸ್ತಿ ಮಾಡಿದವನು ಇರಲಿ ಎಂದು ಎಂಜಿನಿಯರ್ ಹೇಳಿದ್ದರಿಂದ ನನ್ನನ್ನೂ ಕರೆದಿದ್ದರು. ಬಸ್ಸಿನಲ್ಲಿ ಹೋದೆ. ಸೊಹೇಲ್ ನನ್ನ ಕಡೆ ನೋಡಲಿಲ್ಲ.

ಅವರು ನನ್ನ ಕೀಲಿಗೆ ಬೆಳಕು ಹಿಡಿದು, ಬೆರಳಿನಿಂದ ತಟ್ಟಿ, ಕಿವಿಯಿಟ್ಟು ಕೇಳಿದರು. ಹಿಡಿದಿದೆ ಎಂದರು. ಒಂದು ಕೂದಲಷ್ಟೂ ಬಿಟ್ಟಿರಲಿಲ್ಲ. ನನ್ನ ಎದೆಯ ಮೇಲಿನ ಬೀಸುಕಲ್ಲು ಇಳಿಯುವಷ್ಟರಲ್ಲಿ ಅವರ ಬೆಳಕು ಒಂದು ಗೇಣು ಆಚೆ ಸರಿಯಿತು. ಅಲ್ಲಿ, ಕೆಳಗಿನ ತೊಲೆಯಲ್ಲಿ, ಇನ್ನೊಂದು ಬಿರುಕು. ನಾನು ಆ ದಿನ ಅಷ್ಟು ದೂರ ತೆರೆದೇ ನೋಡಿರಲಿಲ್ಲ. ಕಂಡ ಬಿರುಕಿಗೆ ಕೆಲಸ ಮಾಡಿ ಮುಚ್ಚಿದ್ದೆ. ಅದೇ ಬದುವಿನ ಏಟು, ಮೂರು ಬೇಸಿಗೆಯಲ್ಲಿ ಬೆಳೆದು ಬೆರಳುದ್ದವಾಗಿದೆ. ಹಗ್ಗ ಜೋರಾಗಿ ಎಳೆದಿದ್ದರೆ ಮೇಲೇರುವಾಗಲೇ ರೆಕ್ಕೆ ಮುರಿಯುತ್ತಿತ್ತು ಎಂದರು. ಗಟ್ಟಿಯಾಗಿ ಇಳಿದದ್ದು ಪುಸ್ತಕದಲ್ಲಿದ್ದರೆ ಮೊದಲ ತಪಾಸಣೆಯಲ್ಲೇ ಇದು ಸಿಗುತ್ತಿತ್ತು ಎಂದೂ ಹೇಳಿದರು. ನನಗೆ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

ಸೊಹೇಲ್ ಆ ಬಿರುಕಿನ ಮೇಲೆ ಬೆರಳಿಟ್ಟು ಉದ್ದ ಅಳೆದ. ಆಮೇಲೆ ಹಿಂದಿನ ಸೀಟಿನ ಅಂಚು ಮುಟ್ಟಿ ಶೆಡ್ಡಿನಿಂದ ಹೊರಗೆ ಹೋದ.

26ರ ಬೆಳಿಗ್ಗೆ ದಾವಲ್ ಬೀ ನನ್ನ ಅಂಗಡಿಗೆ ಬಂದು, ಬೋರಲು ಬಿದ್ದಿದ್ದ ಮೆಟ್ಟಿಲನ್ನು ತಾವೇ ಎತ್ತಿಕೊಂಡರು. "ಅವನ ಸಿಟ್ಟು ಅವನಿಗೆ. ಮೆಟ್ಟಲ ನಂದು" ಎಂದರು. ಸಂಜೆ ಕುರ್ಡಿಯಿಂದ ತಿರುಗಿ ಬಂದವರು ಬಾಗಿಲಲ್ಲೇ ನಿಂತು ಹೇಳಿದರು: "ರೆಕ್ಕಿ ಇಲ್ಲದ ವಿಮಾನದಾಗ ಕುಂತು ಬಂದೆ, ದುರುಗೇಶಾ. ತವರ್ಮನಿ ಕಾಣ್ಲಿಲ್ಲ, ಶೆಡ್ಡಿನ ಗ್ವಾಡಿ ಕಂಡಿತು. ನಿನ್ ಮೆಟ್ಟಲ ಗಟ್ಟಿ ಅದ. ಬಾಯಿ ಅಷ್ಟು ಗಟ್ಟಿ ಇರ್ಬಾರದಿತ್ತು." ಒಳಗೆ ಬರಲಿಲ್ಲ. ಚಹಾ ಕುಡಿಯಲಿಲ್ಲ.

ಗ್ಲೈಡರಿನ ಹಾರಾಟದ ಪ್ರಮಾಣಪತ್ರವನ್ನು ಇಲಾಖೆಯವರು ತಡೆಹಿಡಿದಿದ್ದಾರೆ. ಬಿಟ್ಟುಹೋದ ದಿನವನ್ನು ಲಾಗ್ ಬುಕ್ಕಿನಲ್ಲಿ ಬರೆದು, ಆಗಿನ ಮಾಲೀಕರು ಸಹಿ ಮಾಡಬೇಕು ಎಂದಿದ್ದಾರೆ. ಎಂಜಿನಿಯರ್ ನನ್ನ ಕೈಗೆ ಕೊಟ್ಟ ಪುಸ್ತಕ ಕಳಿಸಿದ್ದೇನೆ. ನಾನು ಬರೆದದ್ದು ಇಷ್ಟು:

"17-4-2022. ಕುರ್ಡಿಯಿಂದ ಹಾರಾಟ. ಅರಕೇರಾದ ಹೊಲದಲ್ಲಿ ಗಟ್ಟಿಯಾಗಿ ಇಳಿದಿದೆ. ಎಡ ರೆಕ್ಕೆ ಬದುವಿಗೆ ಬಡಿದು ಬುಡದ ತೊಲೆ ಬಿರಿದಿದೆ. ದುರಸ್ತಿ ಮಾಡಿದವನು ದುರುಗೇಶ, ದೇವದುರ್ಗ, ಲೈಸೆನ್ಸ್ ಇಲ್ಲ. ಈ ದಿನವನ್ನು ಬಿಟ್ಟು ಬರೆದವನೂ ಅವನೇ. ತಿಳಿದೂ ಸಹಿ ಮಾಡಿದವರು ಶೇಷಗಿರಿ, ಆಗಿನ ಮಾಲೀಕರು. ತಡವಾಗಿ ಬರೆದದ್ದು 28-1-2025."

ಸಹಿ ಮಾಡಿ ಕಳಿಸಿ. ಎಲ್ಲಿ ಎಂದು ಭಾಗೀರಥಿ ಅಮ್ಮನವರು ಬೆರಳಿಟ್ಟು ತೋರಿಸುತ್ತಾರೆ.

ದುರುಗೇಶ


ರಾಯಚೂರು
4 ಫೆಬ್ರವರಿ 2025

ದುರುಗೇಶ,

ಪುಸ್ತಕ ತಲುಪಿತು. ಭಾಗೀರಥಿ ಎರಡು ಸಲ ಓದಿದಳು. ಎರಡನೇ ಸಲವೂ ನಾನು ಕಾಯುತ್ತಿದ್ದ ಸಾಲು ಬರಲಿಲ್ಲ.

ಮತ್ತೆ ಬಿಟ್ಟಿದ್ದೀಯಲ್ಲೋ! ಒಂದು ಬಿಟ್ಟದ್ದಕ್ಕೆ ಇಷ್ಟಾಯಿತು, ಈಗ ನನ್ನ ಮೇಲೆ ಮರುಕಪಟ್ಟು ಇನ್ನೊಂದು ಬಿಟ್ಟಿದ್ದೀ. ರೆಕ್ಕೆ ಬದುವಿಗೆ ಬಡಿಯಿತಂತೆ. ಬದು ಎದ್ದು ಬಂದು ಬಡಿಯಿತೇ? ಈ ಪುಸ್ತಕವನ್ನು ಮುಂದೆ ಓದುವವನು, ಯಾಕೆ ಬಡಿಯಿತು ಎಂದು ಯಾರನ್ನು ಕೇಳಬೇಕು? ನಿನ್ನ ಗುರುಭಕ್ತಿಯನ್ನು ದೀಪಾವಳಿಗೆ ಇಟ್ಟುಕೋ. ಲಾಗ್ ಬುಕ್ಕಿನಲ್ಲಿ ಬೇಡ.

"ಕೊಡ್ರಿ ಇಲ್ಲೆ, ನಾ ಬರೀತೀನಿ" ಎಂದು ಭಾಗೀರಥಿ ಪೆನ್ನಿಗೆ ಕೈ ಚಾಚಿದಳು. ಕೊಡಲಿಲ್ಲ. ನಿನ್ನ ನಮೂದಿನ ಕೆಳಗೆ ನಾನೇ ಬರೆದೆ:

"ತಂತಿ ಚಾಲಕನಿಗೆ ಕಾಣಲಿಲ್ಲ. ಎಡಗಣ್ಣಿನ ನೋಟ ಹೋಗಿದೆ ಎಂದು ಚಾಲಕನಿಗೆ ನಾಲ್ಕು ತಿಂಗಳ ಮೊದಲೇ ಗೊತ್ತಿತ್ತು. ಶೇಷಗಿರಿ."

ಸಾಲು ಗೆರೆಯ ಮೇಲೆ ಕೂತಿಲ್ಲವಂತೆ. ಜಾರಿ ಕೆಳಗಿನ ಖಾನೆಯನ್ನೂ ತುಳಿದಿದೆ, ಒಂದು ಕಡೆ ಶಾಯಿ ಚೆಲ್ಲಿದೆ ಎನ್ನುತ್ತಾಳೆ. ಇರಲಿ.

ಪುಸ್ತಕವನ್ನು ಹಾಗೇ ಸೊಹೇಲನ ಕೈಗೆ ಕೊಡು. ಪಕ್ಕಾ ಮಾಡಬೇಡ.

ಶೇಷಗಿರಿ